ಮರ್ಯಾದೆಯ ಗೆಟ್ ಔಟ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೀನು ಇಡುವ ಕೋಲ್ಡ್ ಸ್ಟೋರೇಜಿನ ಎರಡನೇ ಹಾಲ್‌ನಲ್ಲಿ ಒಬ್ಬ ಹೆಂಗಸು ಸ್ಟೂಲಿನ ಮೇಲೆ ನಿಂತು, ಗೋಡೆಯ ಬೋರ್ಡಿನಲ್ಲಿರುವ ಇಂಗ್ಲಿಷ್ 'ಜಿ' ಅಕ್ಷರದ ಕೊಂಕಿಗೆ ಕೆಂಪು ಬಣ್ಣ ತೀಡುತ್ತಿದ್ದಾರೆ. ತಲೆಗೆ ಉಣ್ಣೆಯ ಟೋಪಿ, ಮೈಮೇಲೆ ಒಂದರ ಮೇಲೊಂದು ಸ್ವೆಟರ್, ಮೊಣಕಾಲುದ್ದದ ರಬ್ಬರ್ ಬೂಟು. ಬಣ್ಣದ ಡಬ್ಬಿ ಎಲ್ಲಿದೆ ಎಂದು ಹುಡುಕಿದರೆ ಕಾಣುವುದಿಲ್ಲ. ಅದು ಸ್ವೆಟರಿನ ಒಳಗೆ, ಎದೆಗೆ ಅವಚಿಕೊಂಡು ಕೂತಿದೆ.

"ಇಲ್ಲಿ ಹೊರಗಿಟ್ರೆ ಬಣ್ಣ ಬೆಣ್ಣೆ ಥರ ಗಟ್ಟಿ ಆಗುತ್ತೆ. ಮಗು ಎತ್ಕೊಂಡ ಹಾಗೆ ಎತ್ಕೊಂಡೇ ಬರೀಬೇಕು" ಎನ್ನುತ್ತಾರೆ, ಕುಂಚದಿಂದ ಕಣ್ಣು ಕೀಳದೆ.

ಇಲ್ಲಿ ಎಲ್ಲರೂ ಇವರನ್ನು ಕರೆಯುವುದು ಬೋರ್ಡಕ್ಕ ಎಂದು. ಕಂಪನಿಯ ದಾಖಲೆಯಲ್ಲಿ ಇವತ್ತಿಗೂ ಇವರು ಪ್ಯಾಕಿಂಗ್ ಕೆಲಸದವರು. ಬೆಳಗ್ಗೆ ಬೋರ್ಡು ಬರೆದು, ಕುಂಚ ತೊಳೆದಿಟ್ಟು, ಕೈಗವಸು ಹಾಕಿಕೊಂಡು ಮೀನು ತುಂಬಲು ನಿಲ್ಲುತ್ತಾರೆ. ಬಣ್ಣ ಚೆನ್ನಾಗಿ ಒಣಗುವ ದಿನವಾದರೆ ಎರಡು ಬೋರ್ಡು, ಇಲ್ಲವಾದರೆ ಒಂದು. ಬಾಗಿಲು, ಏಣಿ, ಟ್ರಾಲಿ, ಯಂತ್ರ, ಬಚ್ಚಲು, ಎಲ್ಲದರ ನೆತ್ತಿಯ ಮೇಲೂ ಇವರ ಕೈಬರಹವಿದೆ. ಓದಿದವರು ತುಂಬ, ಬರೆದವರು ಯಾರೆಂದು ಕೇಳಿದವರು ಮಾತ್ರ ಕಡಿಮೆ.

ಈಗ ತೀಡುತ್ತಿರುವ ಬೋರ್ಡಿನಲ್ಲಿ ಎರಡೇ ಸಾಲು. ಮೇಲೆ ಅಲಾರಂ ಎಂಬ ಪದ, ಅದರ ಪಕ್ಕ ಒಂದು ದೊಡ್ಡ ಪ್ರಶ್ನೆಯ ಗುರುತು. ಕೆಳಗೆ ಅಂಗೈಯಗಲದ ಅಕ್ಷರಗಳಲ್ಲಿ, ಯಾರ ಮುಲಾಜಿಗೂ ಬೀಳದೆ: ಗೆಟ್ ಔಟ್!

ಹೌದು, ಗೆಟ್ ಔಟ್. ಕೇಂದ್ರ ಕಚೇರಿಗೆ ಇದು ಸುತರಾಂ ಹಿಡಿಸಿಲ್ಲ. ಕೆಲಸಗಾರರನ್ನು ಹೀಗೆ ಗದರಿಸುವುದು ಕಂಪನಿಯ ಘನತೆಗೆ ತಕ್ಕದ್ದಲ್ಲ ಎಂದು ಅವರು ಹೊಳೆಹೊಳೆಯುವ ಮುದ್ರಿತ ಬೋರ್ಡುಗಳನ್ನು ಕಳಿಸಿಕೊಟ್ಟಿದ್ದಾರೆ. ಸ್ಟೂಲಿನ ಬುಡದಲ್ಲಿ, ಪ್ಲಾಸ್ಟಿಕ್ ಕೂಡ ಬಿಚ್ಚದೆ, ಅವು ಗೋಡೆಗೊರಗಿ ಕಾದಿವೆ. ಇವತ್ತು ಕೇಂದ್ರ ಕಚೇರಿಯ ಮೇಡಂ ಬಂದು ಪರೀಕ್ಷೆ ಮಾಡುತ್ತಾರೆ. ಹಾಲ್‌ನಲ್ಲಿ ಉಳಿಯುವುದು ಬೋರ್ಡಕ್ಕನ ಮಾತೋ ಕಚೇರಿಯ ಮಾತೋ ಎಂಬುದು ಇವತ್ತೇ ತೀರ್ಮಾನ. ಸೋತರೆ ಕುಂಚ ಕೆಳಗಿಡಬೇಕಾಗುತ್ತದೆ ಎಂಬುದು ಇವರಿಗೆ ಗೊತ್ತು. ಆದರೆ ಮುಖದಲ್ಲಿರುವ ಕಳವಳ ಕುಂಚದ್ದಲ್ಲ.

"ಕುಂಚ ಹೋದ್ರೆ ಹೋಗ್ಲಿ, ಮೀನು ತುಂಬ್ಕೊಂಡು ಇರ್ತೀನಿ. ಆ ಹಳೇ ಮಾತು ಮತ್ತೆ ಗೋಡೆ ಹತ್ತಬಾರ್ದು, ಅಷ್ಟೇ" ಎಂದು ಕೆಳಗಿಳಿಯುತ್ತಾರೆ.

ಆ ಹಳೆಯ ಮಾತಿನ ಕಥೆ ಹೇಳಬೇಕಾದರೆ ಇವರ ಅಪ್ಪನಿಂದ ಶುರು ಮಾಡಬೇಕು. ಅಪ್ಪ ಅಂಗಡಿಗಳ ಹೆಸರು ಬರೆಯುತ್ತಿದ್ದವರು. ಮಗಳಿಗೆ ಇಂಗ್ಲಿಷ್ ಅಕ್ಷರ ಕಲಿಸಿದ್ದು ಶಾಲೆಯಲ್ಲ, ಅಪ್ಪನ ಏಣಿ. 'ಎಸ್' ಅಕ್ಷರದ ಹೊಟ್ಟೆ ಎಷ್ಟು ಉಬ್ಬಬೇಕು, 'ಆರ್' ಅಕ್ಷರದ ಕಾಲು ಎಲ್ಲಿ ಊರಬೇಕು ಎಂಬುದೆಲ್ಲ ಕರತಲಾಮಲಕ. ಆ ಅಕ್ಷರಗಳು ಸೇರಿ ಏನು ಹೇಳುತ್ತವೆ ಎಂಬ ಉಸಾಬರಿ ಇರಲಿಲ್ಲ. ಗಿರಾಕಿ ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಗೋಡೆಗೆ ಏರಿಸಿದರೆ ಆಯಿತು. ಮುದ್ರಣದ ಯಂತ್ರಗಳು ಬಂದವು, ಅಪ್ಪನ ಕಸುಬಿಗೆ ಕಲ್ಲು ಬಿತ್ತು. ಮಗಳು ಅತ್ತಿಗೆಯ ಬೆನ್ನು ಹಿಡಿದು ಈ ಮೀನಿನ ಹಾಲ್‌ಗೆ ಬಂದರು. ಪೆಟ್ಟಿಗೆಗಳ ಮೇಲೆ ಇವರು ಬರೆದ ಅಕ್ಷರ ನೋಡಿ ಮೇಸ್ತ್ರಿ ದಂಗಾಗಿ, ಹಾಲ್‌ನ ಬೋರ್ಡುಗಳನ್ನೂ ಇವರ ಕೊರಳಿಗೆ ಕಟ್ಟಿದರು.

ಅತ್ತಿಗೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಬೋರ್ಡಕ್ಕನ ಅಣ್ಣನ ಹೆಂಡತಿ ಇವರು. ಒಂದು ಕಾಲದಲ್ಲಿ ಹಾಲ್‌ನ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯಲ್ಲಿ ಟ್ರಾಲಿ ನಿಲ್ಲುತ್ತಿತ್ತಂತೆ. ಈಗ ಅವರ ಗಂಟಲಿನಿಂದ ಬರುವುದು ಒಣ ಎಲೆಯ ಮೇಲೆ ನಡೆದಂಥ ಸದ್ದು. ಹಾಗಾದದ್ದು ಎರಡು ಸೀಸನ್ನಿನ ಹಿಂದೆ.

ಇಲ್ಲಿ ಮೀನನ್ನು ತಣ್ಣಗಿಡುವುದು ಅಮೋನಿಯಾ ಅನಿಲದ ಯಂತ್ರ. ಅದು ಸೋರಿದರೆ ಅಲಾರಂ ಕೂಗುತ್ತದೆ, ಕೂಗಿದ ಕೂಡಲೇ ಎಲ್ಲರೂ ಅಂಗಳಕ್ಕೆ ಓಡಬೇಕು. ಹಾಗೆಂದು ಗೋಡೆಯ ಮೇಲೆ ಬರೆದೂ ಇತ್ತು. ಸೇಫ್ಟಿ ಸಾಹೇಬರು ಕೊಟ್ಟ ವಾಕ್ಯ, ಬೋರ್ಡಕ್ಕನ ಕೈಬರಹ: ಇಫ್ ದಿ ಅಲಾರಂ ಗೋಸ್ ಆಫ್, ಲೀವ್ ದಿ ಹಾಲ್ ಅಟ್ ಒನ್ಸ್. ಅಪ್ಪಟ ಇಂಗ್ಲಿಷ್, ಒಂದಕ್ಷರ ತಪ್ಪಿಲ್ಲ. ಅಲಾರಂ 'ಗೋಸ್ ಆಫ್' ಎಂದರೆ ಬಾರಿಸಿತು ಎಂದರ್ಥ.

ಅದನ್ನು ಓದಬೇಕಾದವರಿಗೆ ಮಾತ್ರ ಹಾಗೆ ಅರ್ಥವಾಗಲಿಲ್ಲ. ಒಂದೊಂದು ಮೇಜಿನ ಸುತ್ತ ನಾಲ್ಕಾರು ಮನೆಮಾತಿನವರು ನಿಲ್ಲುತ್ತಾರೆ, ಅದಕ್ಕೇ ಬೋರ್ಡು ಇಂಗ್ಲಿಷಿನಲ್ಲಿ. ಆಫ್ ಎಂಬ ಪದವೊಂದು ಎಲ್ಲರ ಮನೆಯಲ್ಲೂ ಒಂದೇ. ಲೈಟ್ ಆಫ್ ಮಾಡು, ಫ್ಯಾನ್ ಆಫ್ ಆಯ್ತು, ಅದೇ ಆಫ್. ಹಾಗಾಗಿ ಅಲಾರಂ ಆಫ್ ಆದರೆ ಹೋಗಿ, ಆನ್ ಇದ್ದರೆ ನಿಲ್ಲಿ.

ಆ ದಿನ ಅಲಾರಂ ಕಿವಿ ಹರಿಯುವಂತೆ ಕೂಗಿತು. ಹಾಲ್‌ನ ಹೆಂಗಸರು ಮೂಗಿಗೆ ಬಟ್ಟೆ ಒತ್ತಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಅದು ನಿಲ್ಲಲಿ ಎಂದು ಕಾದು ನಿಂತರು. ಓಡಲು ಹೊರಟ ಇಬ್ಬರನ್ನು ಅತ್ತಿಗೆಯೇ ಬೋರ್ಡು ತೋರಿಸಿ ಗದರಿ ನಿಲ್ಲಿಸಿದರು. ಕೊನೆಗೆ ಯಂತ್ರದವರು ಬಂದು ಕೈಹಿಡಿದು ಎಳೆದುಕೊಂಡು ಹೋದರು. ಯಾರ ಜೀವಕ್ಕೂ ಸಂಚಕಾರವಾಗಲಿಲ್ಲ, ಪುಣ್ಯ. ಸೋರಿದ ಪೈಪಿನ ಹತ್ತಿರವಿದ್ದ ಅತ್ತಿಗೆಯ ಗಂಟಲು ಮಾತ್ರ ಮೊದಲಿನಂತೆ ಆಗಲಿಲ್ಲ.

ಆ ದಿನ ರಜೆಯಲ್ಲಿದ್ದು, ಸುದ್ದಿ ತಿಳಿದು ಆಸ್ಪತ್ರೆಗೆ ಓಡಿದ ಬೋರ್ಡಕ್ಕ ಹಾಸಿಗೆಯ ಪಕ್ಕ ಕೂತು ಬಯ್ದರಂತೆ, ಯಾಕೆ ಓಡಲಿಲ್ಲ ಎಂದು. ಅತ್ತಿಗೆ ಉಸಿರಿನಲ್ಲೇ ಉತ್ತರ ಕೊಟ್ಟರು. "ನೀನೇ ಬರ್ದಿದ್ದೀಯಲ್ಲೇ, ಆಫ್ ಆದ್ಮೇಲೆ ಹೋಗಿ ಅಂತ. ನಾನು ಕಾಯ್ತಾ ಇದ್ದೆ."

ಈ ಮಾತನ್ನು ಹೇಳುವಾಗ ಬೋರ್ಡಕ್ಕನ ಕುಂಚ ತೊಳೆಯುವ ಕೈ ನಿಲ್ಲುತ್ತದೆ. "ಎದೆ ಒಡೆದೇ ಹೋಯ್ತು. ನನ್ನ ಕೈಬರಹ ನಂಬಿ ನಿಂತಿದ್ರಲ್ಲ. ನಂಗೂ ಅದರ ಅರ್ಥ ಗೊತ್ತಿರ್ಲಿಲ್ಲ, ಅದೇ ದೊಡ್ಡ ಸಂಕಟ. ಮಾರನೇ ದಿನ ಸಾಹೇಬ್ರ ಹತ್ರ ಹೋಗಿ ಅತ್ತಿಗೆ ಅಂದಿದ್ದನ್ನ ಹಾಗೇ ಹೇಳ್ದೆ."

ಕೆಲಸಗಾರರು ಸೂಚನೆ ಪಾಲಿಸಲಿಲ್ಲ ಎಂದು ಸೇಫ್ಟಿ ಸಾಹೇಬರು ಆಗಲೇ ವರದಿ ಬರೆದು ಮುಗಿಸಿದ್ದರು. ಬೋರ್ಡಕ್ಕನ ಮಾತು ಕೇಳಿ ಆ ವರದಿಯನ್ನು ಹರಿದು ಹಾಕಿದರು. ಅವರನ್ನು ಮಾತಾಡಿಸಿದರೆ ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. "ಅವರು ಸೂಚನೆ ಪಾಲಿಸಿದ್ರು ಕಣ್ರೀ. ನಾವು ಬರೆದದ್ದನ್ನ ಅಕ್ಷರಕ್ಷರ ಪಾಲಿಸಿದ್ರು. ಇಂಗ್ಲಿಷ್ ಸರಿಯಾಗೇ ಇತ್ತು, ಅದನ್ನ ಹಾಕಿದ ಜಾಗ ಸರಿ ಇರ್ಲಿಲ್ಲ." ಆ ದಿನದಿಂದ ಇಬ್ಬರೂ ಸೇರಿ ಒಂದು ಪದ್ಧತಿ ಮಾಡಿಕೊಂಡಿದ್ದಾರೆ.

ಪದ್ಧತಿ ಬಹಳ ಸರಳ. ಹೊಸ ಬೋರ್ಡಿನ ಮಾತನ್ನು ಮೊದಲು ಗೋದಾಮಿನ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆಯುವುದು. ಟೀ ಕುಡಿಯಲು ಬಂದವರಿಗೆ ತೋರಿಸುವುದು. ಅರ್ಥವಾಯಿತೇ ಎಂದು ಮಾತ್ರ ಅಪ್ಪಿತಪ್ಪಿಯೂ ಕೇಳಬಾರದು.

"ಅರ್ಥ ಆಯ್ತಾ ಅಂದ್ರೆ ಎಲ್ಲರೂ ಆಯ್ತು ಅಂತಾರೆ. ನಾನೂ ಅಂತಿದ್ದೆ. ಮಾಡಿ ತೋರ್ಸಿ ಅಂತೀನಿ" ಎಂದು ಬೋರ್ಡಕ್ಕ ನಗುತ್ತಾರೆ.

ಮಾಡಿ ತೋರಿಸುವ ಈ ಆಟ ನೋಡಲು ಟೀ ಹೊತ್ತಿಗೆ ಬೇರೆ ಹಾಲ್‌ನವರೂ ಬರುತ್ತಾರೆ. ತಲೆಯ ಮೇಲೆ ಸರಕು ತೂಗಾಡುವ ಬಾಗಿಲಿಗೆ 'ಲುಕ್ ಔಟ್' ಎಂದು ಬರೆಯುವುದಿತ್ತು. ಹುಷಾರು ಎಂಬುದು ಅದರ ಅರ್ಥ. ಮಾಡಿ ತೋರಿಸು ಎಂದರೆ ಟ್ರಾಲಿಯವನು ಸೀದಾ ಹೋಗಿ ಬಾಗಿಲಿನಿಂದ ತಲೆ ಹೊರಗೆ ಹಾಕಿ, ಎಡಕ್ಕೆ ಬಲಕ್ಕೆ ನೋಡಿ, "ಯಾರೂ ಇಲ್ಲ ಅಕ್ಕ" ಎಂದ. ಸರಕು ಬೀಳುವುದು ಸರಿಯಾಗಿ ಆ ತಲೆಯ ಮೇಲೇ! ತಲೆ ತಾಗೀತು ಜೋಕೆ ಎನ್ನಲು ತಗ್ಗು ಬಾಗಿಲಿಗೆ ಬರೆದ 'ಮೈಂಡ್ ಯುವರ್ ಹೆಡ್' ಓದಿದ ಇನ್ನೊಬ್ಬ ಮುಖ ದಪ್ಪ ಮಾಡಿಕೊಂಡ. ತಲೆ ಉಪಯೋಗಿಸು ಎಂದು ತನ್ನೊಬ್ಬನಿಗೇ ಯಾಕೆ ಬರೆದಿದ್ದಾರೆ ಎಂಬುದು ಅವನ ತಕರಾರು. ಬೆಂಕಿ ಆರಿಸುವ ಸಿಲಿಂಡರಿನ ಮುಂದೆ ಏನೂ ಅಡ್ಡ ಇಡಬೇಡಿ ಎನ್ನಲು 'ಕೀಪ್ ಕ್ಲಿಯರ್' ಎಂದರೆ, ಗುಡಿಸುವ ಅಜ್ಜಿ ಆ ಜಾಗವನ್ನು ಫಳಫಳ ತೊಳೆದು, ಇನ್ನೂ ಚೊಕ್ಕವಾಗಿರಲೆಂದು ಸಿಲಿಂಡರನ್ನೇ ಒಳಗೆ ಎತ್ತಿಟ್ಟುಬಿಟ್ಟರು.

ನಗೆಪಾಟಲಾಗುವುದರಲ್ಲಿ ಬೋರ್ಡಕ್ಕನೇನೂ ಹಿಂದೆ ಬಿದ್ದಿಲ್ಲ. ಕೈಗೆ ಅಂಟಿದ ಮೀನಿನ ವಾಸನೆ ತೊಳೆದುಕೊಂಡು ಮನೆಗೆ ಹೋಗಿ ಎನ್ನಲು ಒಮ್ಮೆ ಸ್ವಂತ ಬುದ್ಧಿ ಓಡಿಸಿ 'ವಾಷ್ ಯುವರ್ ಹ್ಯಾಂಡ್ಸ್ ಆಫ್ ಫಿಶ್' ಎಂದು ಬರೆದು ನಲ್ಲಿಯ ಮೇಲೆ ತೂಗು ಹಾಕಿದರು. 'ಆಫ್' ಬರೆಯುವಾಗ ಒಂದು 'ಎಫ್' ಅಕ್ಷರ ಬಿಟ್ಟುಹೋಗಿತ್ತು. ಸೇಫ್ಟಿ ಸಾಹೇಬರು ಓದಿ ಹೊಟ್ಟೆ ಹಿಡಿದುಕೊಂಡು ಕೂತರು. ಒಂದು 'ಎಫ್' ಕಡಿಮೆಯಾದರೆ, ಇನ್ನು ಮೀನಿಗೂ ನಮಗೂ ಸಂಬಂಧವಿಲ್ಲ ಎಂಬ ಅರ್ಥವಾಗುತ್ತದೆ ಎಂದು ವಿವರಿಸಿದರು.

"ಅಯ್ಯೋ, ನಮ್ಮಲ್ಲೂ ಅದೇ ಅಲ್ವಾ ಸಾರ್, ಕೈ ತೊಳ್ಕೊಳ್ಳೋದು ಅಂದ್ರೆ!" ಎಂದು ಬೋರ್ಡಕ್ಕ ಹಣೆ ಚಚ್ಚಿಕೊಂಡರಂತೆ. ಎಲ್ಲೋ ದೂರದ ಭಾಷೆಯವರೂ ತಮ್ಮ ಹಾಗೆಯೇ ಕೈ ತೊಳೆದುಕೊಳ್ಳುತ್ತಾರೆಂದು ತಿಳಿದು ಆಮೇಲೆ ಒಂದು ರೀತಿಯ ಸಂತೋಷವೂ ಆಯಿತಂತೆ. ಅಲ್ಲಿಂದ ಇಂಗ್ಲಿಷಿನ ಮೇಲಿನ ಹೆದರಿಕೆ ಅರ್ಧ ಬಿಟ್ಟುಹೋಯಿತು.

ಎಲ್ಲ ಬೋರ್ಡುಗಳಿಗೂ ಹೀಗೆ ಏನೋ ಒಂದು ದಾರಿ ಸಿಕ್ಕಿತು. ಅಲಾರಂ ಬೋರ್ಡು ಮಾತ್ರ ಸತಾಯಿಸಿತು. ಜಾಗ ಖಾಲಿ ಮಾಡಿ ಎನ್ನಲು ಸಾಹೇಬರು ಹೇಳಿದ 'ಇವ್ಯಾಕ್ಯುಯೇಟ್' ಯಾರ ನಾಲಿಗೆಗೂ ಹೊರಳಲಿಲ್ಲ. 'ರನ್ ಔಟ್' ಎಂದು ಬರೆದರೆ ಟ್ರಾಲಿಯವರು ಕ್ರಿಕೆಟ್ ಅಂಪೈರಿನಂತೆ ಬೆರಳೆತ್ತಿ ನಿಂತರು. ಎಲ್ಲರೂ ತಲೆ ಕೆರೆದುಕೊಳ್ಳುತ್ತಿರುವಾಗ, ಚಿಕಿತ್ಸೆ ಮುಗಿಸಿ ಕೆಲಸಕ್ಕೆ ಮರಳಿದ್ದ ಅತ್ತಿಗೆ ಮೂಲೆಯಿಂದ ತಮ್ಮ ಒಡೆದ ಗಂಟಲಲ್ಲಿ ಕೇಳಿದರು.

"ನಮ್ಮನ್ನ ಹೊರಗೆ ಹಾಕೋಕೆ ಶಾಲೇಲಿ ಮೇಷ್ಟ್ರು ಏನಂತಿದ್ರು?"

ಬಾಗಿಲ ಬಳಿ ಸೇರಿದ್ದ ನಾಲ್ಕಾರು ಮನೆಮಾತಿನ ಜನ ಒಂದೇ ಬಾಯಲ್ಲಿ ಕೂಗಿದರು: "ಗೆಟ್ ಔಟ್!"

ಯಾರಿಗೂ ಕಲಿಸಬೇಕಾಗಿರಲಿಲ್ಲ. ಪಾಠ ಬರದವರು, ಪುಸ್ತಕ ತರದವರು, ಕೊನೆಯ ಬೆಂಚಿನಲ್ಲಿ ನಕ್ಕವರು, ಎಲ್ಲರೂ ಜೀವನದಲ್ಲಿ ಒಮ್ಮೆಯಾದರೂ ಈ ಮಾತು ಕೇಳಿ ತರಗತಿಯಿಂದ ಎದ್ದು ಹೋದವರೇ. ಮಾಡಿ ತೋರಿಸಿ ಎನ್ನುವ ಮೊದಲೇ ಅರ್ಧ ಜನ ಅಂಗಳದಲ್ಲಿದ್ದರು. ಆ ಸಂಜೆಯೇ ಬೋರ್ಡಕ್ಕ ಕೆಂಪು ಬಣ್ಣ ಕಲಸಿದರು.

ಹೊತ್ತು ಏರಿದ ಮೇಲೆ ಕೇಂದ್ರ ಕಚೇರಿಯ ಮೇಡಂ ಬರುತ್ತಾರೆ. ಕೋಟಿನ ಮೇಲೆ ಕಂಪನಿಯ ಜಾಕೆಟ್, ಕೈಯಲ್ಲಿ ಸ್ಟಾಪ್‌ವಾಚು. ಕಟ್ಟುನಿಟ್ಟಿನವರು, ಆದರೆ ಕೇಳುವ ಕಿವಿ ಇದೆ. ಬೋರ್ಡಕ್ಕನ ಮುಂದೆ ಮುದ್ರಿತ ಬೋರ್ಡಿನ ಪ್ಲಾಸ್ಟಿಕ್ ತಾವೇ ಬಿಚ್ಚಿ ತೋರಿಸುತ್ತಾರೆ: ಕೈಂಡ್ಲಿ ಇವ್ಯಾಕ್ಯುಯೇಟ್ ದಿ ಹಾಲ್ ವೆನ್ ದಿ ಅಲಾರಂ ಗೋಸ್ ಆಫ್. ದಯಮಾಡಿ ಎಂಬುದೊಂದು ಹೊಸದಾಗಿ ಸೇರಿದೆ, 'ಗೋಸ್ ಆಫ್' ಇದ್ದಲ್ಲೇ ಇದೆ.

"ಇದರಲ್ಲಿ ಮರ್ಯಾದೆ ಇದೆ, ನೋಡಿ. ನಿಮ್ಮದು ಒರಟಾಯ್ತು ಅಂತ ಅನ್ಸಲ್ವಾ?" ಎಂದು ಮೇಡಂ ಕೇಳುತ್ತಾರೆ.

"ಇರ್ಬೋದು ಮೇಡಂ. ಜೀವ ಉಳಿಸೋಕೆ ಗದರಿದ್ರೆ ಅದೂ ಮರ್ಯಾದೇನೇ ಅಂತ ನಂಗನ್ಸುತ್ತೆ. ಪರೀಕ್ಷೆ ಮಾಡಿ, ನೀವು ಹೇಳಿದ ಹಾಗೆ ಕೇಳ್ತೀನಿ" ಎನ್ನುತ್ತಾರೆ ಬೋರ್ಡಕ್ಕ.

ಪರೀಕ್ಷೆ ಹೀಗೆ. ಮೊದಲನೇ ಹಾಲ್‌ಗೆ ಮುದ್ರಿತ ಬೋರ್ಡು, ಎರಡನೇ ಹಾಲ್‌ಗೆ ಬೋರ್ಡಕ್ಕನದು. ಎರಡರಲ್ಲೂ ಈ ವಾರವಷ್ಟೇ ಸೇರಿದ ಸೀಸನ್ನಿನ ಹೊಸಬರು, ಹಿಂದಿನ ಅವಘಡದ ಸುಳಿವೂ ಇಲ್ಲದವರು. ಅಲಾರಂ ಯಾವಾಗ ಬಾರಿಸುತ್ತದೆ ಎಂದು ಅವರಿಗೆ ಹೇಳಿಲ್ಲ. ಎರಡನೇ ಹಾಲ್‌ನಲ್ಲಿ ಕೆಲಸ ಕಲಿಸಲು ಅತ್ತಿಗೆ ಇದ್ದಾರೆ. ಕೆಲಸಗಾರರು ಹೊರಗೆ ಹೋಗುವ ತನಕ ಅವರು ಬಾಯಿ ಬಿಡಕೂಡದು ಎಂಬುದು ಕರಾರು. ಅತ್ತಿಗೆಯನ್ನು ಬಲ್ಲವರಿಗೆ ಇದೇ ಅತ್ಯಂತ ಕಷ್ಟದ ಪರೀಕ್ಷೆಯಂತೆ ಕಾಣುತ್ತದೆ. ಮೇಡಂ ಎರಡನೇ ಹಾಲ್‌ನ ಒಳಗೆ ನಿಲ್ಲುತ್ತಾರೆ, ಸೇಫ್ಟಿ ಸಾಹೇಬರು ಮೊದಲನೆಯದರ ಬಾಗಿಲಲ್ಲಿ. ಬೋರ್ಡಕ್ಕ ಅಂಗಳದಲ್ಲಿ, ಎರಡು ಬಾಗಿಲುಗಳನ್ನೂ ನೋಡುತ್ತ.

ಅಲಾರಂ ಕೂಗುತ್ತದೆ. ಅಂಗಳದಲ್ಲಿ ಬೋರ್ಡಕ್ಕ ಕಣ್ಣು ಮುಚ್ಚಿಕೊಳ್ಳುತ್ತಾರೆ, ಮತ್ತೆ ತೆರೆಯುತ್ತಾರೆ. ಎರಡನೇ ಹಾಲ್‌ನ ಬಾಗಿಲು ದಬ್ ಎಂದು ತೆರೆದುಕೊಳ್ಳುತ್ತದೆ. ಒಬ್ಬಳು ಕೈಯಲ್ಲಿದ್ದ ಮೀನನ್ನು ಹಿಡಿದುಕೊಂಡೇ ಓಡಿ ಬರುತ್ತಾಳೆ. ಅವಳ ಹಿಂದೆ ಇಬ್ಬರು, ಅವರ ಹಿಂದೆ ಗುಂಪು. ಏಪ್ರನ್ನಿನ ನೀರು ಕೊಡವುತ್ತ, ಒಬ್ಬರನ್ನೊಬ್ಬರು ತಳ್ಳದೆ, ಶಾಲೆ ಬಿಟ್ಟ ಮಕ್ಕಳಂತೆ ನಗುತ್ತ ಬರುತ್ತಾರೆ. ನೋಡನೋಡುತ್ತಿದ್ದಂತೆ ಹಾಲ್ ಖಾಲಿ.

ಖಾಲಿ ಎಂದರೆ ಪೂರ್ತಿ ಅಲ್ಲ. ಒಳಗೆ ಮೇಡಂ ಸ್ಟಾಪ್‌ವಾಚು ನೋಡುತ್ತ ನಿಂತೇ ಇದ್ದಾರೆ. ಎದುರಿಗೆ ಅತ್ತಿಗೆ. ಕೊನೆಯ ಕೆಲಸಗಾರನ ಬೆನ್ನು ಬಾಗಿಲು ದಾಟಿತು, ಅಲ್ಲಿಗೆ ಕರಾರು ಮುಗಿಯಿತು. ಅತ್ತಿಗೆ ಇದ್ದಬದ್ದ ಗಂಟಲನ್ನೆಲ್ಲ ಒಟ್ಟು ಮಾಡಿಕೊಂಡು ಕೂಗುತ್ತಾರೆ.

"ಮೇಡಂ, ಗೆಟ್ ಔಟ್!"

"ನಾನಾ?"

"ನಿಮ್ಮೊಬ್ಬರನ್ನ ಬಿಟ್ಟು ಅಂತ ಬೋರ್ಡಲ್ಲಿ ಎಲ್ಲಿದೆ? ನಡೀರಿ, ನಡೀರಿ!"

ಮೇಡಂ ಓಡುತ್ತಾರೆ. ಕೋಟು, ಜಾಕೆಟ್ಟು, ಸ್ಟಾಪ್‌ವಾಚು ಸಮೇತ ಅಂಗಳಕ್ಕೆ ಬಂದು ನಿಂತಾಗ ಅವರಿಗೆ ಏದುಸಿರು, ಅದರ ಮೇಲೆ ತಡೆಯಲಾಗದ ನಗು. "ಐದನೇ ಕ್ಲಾಸಲ್ಲಿ ಒಂದ್ಸಲ ಹೀಗೇ ಆಚೆ ಹಾಕಿದ್ರು" ಎನ್ನುತ್ತಾರೆ. ಇಡೀ ಅಂಗಳ ಚಪ್ಪಾಳೆಯಲ್ಲಿ ಮುಳುಗುತ್ತದೆ.

ಅಷ್ಟರಲ್ಲಿ ಎಲ್ಲರಿಗೂ ಮೊದಲನೇ ಹಾಲ್ ನೆನಪಾಗುತ್ತದೆ. ಅದರ ಬಾಗಿಲಿನಿಂದ ಇನ್ನೂ ಯಾರೂ ಬಂದಿಲ್ಲ. ಮೇಡಂ, ಬೋರ್ಡಕ್ಕ ಇಬ್ಬರೂ ಒಳಗೆ ಇಣುಕುತ್ತಾರೆ. ಹೊಸಬರೆಲ್ಲ ಕಿವಿ ಮುಚ್ಚಿಕೊಂಡು ಬೋರ್ಡಿನತ್ತ ನೋಡುತ್ತ ನಿಂತಿದ್ದಾರೆ. ಒಬ್ಬ ಚುರುಕಿನವನು ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ಹತ್ತಿ ನಿಂತು, ಅಲಾರಂ ಡಬ್ಬಿಯ ಸುತ್ತ ಕೈಯಾಡಿಸುತ್ತಿದ್ದಾನೆ.

"ಏನು ಮಾಡ್ತಿದ್ದೀಯಪ್ಪಾ?" ಎಂದು ಮೇಡಂ ಕೂಗುತ್ತಾರೆ.

"ಆಫ್ ಮಾಡೋ ಸ್ವಿಚ್ ಹುಡುಕ್ತಿದ್ದೀನಿ ಮೇಡಂ. ಇದು ಆಫ್ ಆದ್ರೆ ತಾನೇ ನಾವು ಹೋಗೋದು?"

ಈ ಸಲ ಯಾರೂ ನಗುವುದಿಲ್ಲ. ಮೇಡಂ ಆ ಹೊಸಬನನ್ನು, ಅವನ ಹಿಂದೆ ನಿಂತವರ ಮುಖಗಳನ್ನು ಒಮ್ಮೆ ನೋಡುತ್ತಾರೆ. ಆಮೇಲೆ ಬೋರ್ಡಕ್ಕನ ಕಡೆ ತಿರುಗಿ, "ಸಾಹೇಬ್ರು ಹೇಳಿದ್ರು, ನಾವು ನಂಬಿರ್ಲಿಲ್ಲ. ಅತ್ತಿಗೆಯವರೂ ಹೀಗೇ ನಿಂತಿದ್ರಾ?" ಎಂದು ಮೆಲ್ಲಗೆ ಕೇಳುತ್ತಾರೆ. ಬೋರ್ಡಕ್ಕ ಹೌದೆಂದು ತಲೆಯಾಡಿಸುತ್ತಾರೆ.

ಮುಂದಿನದು ಬೇಗಬೇಗ ನಡೆಯುತ್ತದೆ. ಮುದ್ರಿತ ಬೋರ್ಡುಗಳು ಬಂದ ಲಾರಿಯಲ್ಲೇ ವಾಪಸು ಹೊರಡುತ್ತವೆ. ಕಂಪನಿಯ ಅಷ್ಟೂ ಶಾಖೆಗಳಲ್ಲಿ ಇನ್ನು ಗೆಟ್ ಔಟ್ ಬೋರ್ಡೇ ಎಂದು ಮೇಡಂ ಅಂಗಳದಲ್ಲಿ ನಿಂತೇ ಕೇಂದ್ರ ಕಚೇರಿಗೆ ಫೋನು ಮಾಡುತ್ತಾರೆ. ಆ ಕಡೆಯವರು ಬೆಚ್ಚಿಬಿದ್ದಿರಬೇಕು, ಈ ಕಡೆ ಮೇಡಂ ಎರಡು ಸಲ ಬಿಡಿಸಿ ಹೇಳಬೇಕಾಗುತ್ತದೆ. ಮಾದರಿ ಬೋರ್ಡು ಬೋರ್ಡಕ್ಕನ ಕೈಯಿಂದಲೇ ಆಗಬೇಕು, ಬೇರೆ ಬೋರ್ಡುಗಳ ಮಾತನ್ನೂ ಬಾಗಿಲ ಹಿಂದೆ ಬರೆದು, ಮಾಡಿ ತೋರಿಸಿಯೇ ಒಪ್ಪಬೇಕು ಎಂದೂ ಆಗುತ್ತದೆ. ಏನು ಬೇಕು ಕೇಳಿ ಎಂದರೆ ಬೋರ್ಡಕ್ಕ ನಾಚುತ್ತಾರೆ.

"ಬಣ್ಣ ಒಣಗಿಸೋಕೆ ಬಿಸಿಗಾಳಿ ಬರೋ ಮಿಷನ್ ಒಂದು ಕೊಡ್ಸಿ ಮೇಡಂ. ತಲೆಕೂದಲು ಒಣಗಿಸೋದು ಬರುತ್ತಲ್ಲ, ಅದಾದ್ರೂ ಸಾಕು."

ಗುಂಪು ಚದುರಿ, ಮೀನಿನ ಮೇಜುಗಳು ಮತ್ತೆ ಸದ್ದು ಮಾಡತೊಡಗುತ್ತವೆ. ಬೋರ್ಡಕ್ಕ ಸ್ಟೂಲನ್ನು ಮೊದಲನೇ ಹಾಲ್‌ಗೆ ಎಳೆದು ತರುತ್ತಾರೆ. ಖಾಲಿ ಗೋಡೆಯ ಮೇಲೆ ದಾರ ಹಿಡಿದು ಗೆರೆ ಹಾಕಬೇಕು. ದಾರದ ಇನ್ನೊಂದು ತುದಿ ಹಿಡಿದವರು ಅತ್ತಿಗೆ. ಬೆಳಗ್ಗಿನ ಕೂಗಿಗೆ ಗಂಟಲು ಪೂರ್ತಿ ಕೈಕೊಟ್ಟಿದೆ. ಹತ್ತಿರ ಬಂದು ಕಿವಿಯಲ್ಲಿ ಹೇಳಿದರಷ್ಟೇ ಕೇಳಿಸುತ್ತದೆ.

"ನನ್ನ ಗಂಟಲು ಹೋಯ್ತು ಅಂತ ಆಸ್ಪತ್ರೇಲಿ ಗೋಳೋ ಅಂತ ಅತ್ತಿದ್ಯಲ್ಲೇ. ನೋಡು ಈಗ, ಕಂಪನೀಲಿರೋ ಎಲ್ಲಾ ಗೋಡೆ ಮೇಲೂ ಕೂಗೋದು ನಾನೇ."

ಬೋರ್ಡಕ್ಕ ಟೋಪಿ ಸರಿಮಾಡಿಕೊಂಡಂತೆ ಮಾಡಿ ಕಣ್ಣೊರೆಸಿಕೊಳ್ಳುತ್ತಾರೆ. ಸ್ವೆಟರಿನೊಳಗಿಂದ ಡಬ್ಬಿ ತೆಗೆದು ಅತಿ ಅಗಲದ ಕುಂಚವನ್ನು ಅದರಲ್ಲಿ ಅದ್ದುತ್ತಾರೆ.

"ಹಾಗಾದ್ರೆ ಅಕ್ಷರ ಇನ್ನೂ ಸ್ವಲ್ಪ ದಪ್ಪ ಮಾಡ್ತೀನಿ ಅತ್ತಿಗೆ."